ಕೆನ್ನೆಯ ಮೇಲಿನ ಕಪ್ಪು ಉಂಗುರ

ನಮ್ಮ ಮಿಸ್ತ್ರಿಯವರ ಬಲಗೆನ್ನೆಯ ಮೇಲೆ ಬಟಾಣಿ ಕಾಳಿನಷ್ಟು ಒಂದು ಕಪ್ಪು ಉಂಗುರ ಇರುತ್ತಿತ್ತು. ಹುಟ್ಟುಮಚ್ಚೆಯಲ್ಲ, ಹಚ್ಚೆಯೂ ಅಲ್ಲ. ಟೈರಿನ ಗಾಳಿ ಬಿಟ್ಟ ಮೇಲೆ ಅವರು ಬಗ್ಗಿ, ವಾಲ್ವಿನ ಬಾಯಿಗೆ ಕೆನ್ನೆ ಹಚ್ಚಿ ಕಣ್ಣು ಮುಚ್ಚುತ್ತಿದ್ದರು. ಬೆರಳು ಜಡ್ಡುಗಟ್ಟಿರುತ್ತವೆ, ಅವನ್ನು ನಂಬಬಾರದು. ಒಳಗೆ ಉಸಿರಿನಷ್ಟು ಗಾಳಿ ಉಳಿದಿದ್ದರೂ ಕೆನ್ನೆಗೆ ತಿಳಿಯುತ್ತದೆ ಎನ್ನುವುದು ಅವರ ವಾದ. ಸಂಜೆ ಮನೆಗೆ ಹೋದರೆ ಮಗಳು ಸೆರಗಿನ ತುದಿ ತೋಯಿಸಿ ಆ ಕಪ್ಪು ಒರೆಸುತ್ತಿದ್ದಳು. "ಅಪ್ಪಾ, ಇವತ್ತೂ ದೃಷ್ಟಿಬೊಟ್ಟು ಇಟಗೊಂಡ ಬಂದಿ ನೋಡು" ಎಂದು ನಗುತ್ತಿದ್ದಳು. ದಿನವಿಡೀ ನಮ್ಮ ಮೇಲೆ ಹರಿಹಾಯುವ ಆ ಮನುಷ್ಯ ಆಗ ಕೂಸಿನ ಹಾಗೆ ಮುಖ ಒಡ್ಡಿ ಕೂಡುತ್ತಿದ್ದರು.

ಅದು ಮಹಾಯುದ್ಧದ ಕಾಲ. ಪುಣೆಯ ಅಂಚಿನ ಒಂದು ಲಷ್ಕರಿ ಗೋದಾಮಿನಲ್ಲಿ ನಾವು ಗಾಡಿಗಳ ಚಕ್ರ ಬಿಚ್ಚಿ ಜೋಡಿಸುವವರು. ಅವರು ಧಾರವಾಡದ ಕಡೆಯವರು, ನಾನು ಬೆಳಗಾವಿಯವನು. ಊರೆಲ್ಲ ಮರಾಠಿ, ನಾವಿಬ್ಬರು ಜಗಳಾಡುವುದು ಮಾತ್ರ ಕನ್ನಡದಲ್ಲಿ, ಹೀಗಾಗಿ ಕನ್ನಡಕ್ಕೇನೂ ಕೊರತೆ ಬೀಳಲಿಲ್ಲ. ಅವರ ಅಳಿಯನೂ ನಮ್ಮ ಜೊತೆಗೇ ಇದ್ದ. ಅಕ್ಕನ ಮಗ. ಮಗಳನ್ನು ಕೊಟ್ಟು, ಊರಿನಿಂದ ಕರೆಸಿ, ತಾವೇ ಕೆಲಸಕ್ಕೆ ಹಚ್ಚಿದ್ದರು.

ಆಗ ಭಾರ ಎತ್ತುವ ಗಾಡಿಗಳು ಹಡಗಿನಲ್ಲಿ ಬಂದವು. ಮುಂದೆ ಎರಡು ಕಬ್ಬಿಣದ ಕೈ ಚಾಚಿ ಪೆಟ್ಟಿಗೆಗಳನ್ನು ಲಾರಿಗೆ ಏರಿಸುವಂಥವು. ಅವುಗಳ ಚಕ್ರ ನಮಗೆ ಹೊಸತು. ಎರಡು ಬಟ್ಟಲು ಬೆನ್ನಿಗೆ ಬೆನ್ನು ಕೂಡಿಸಿದ ಹಾಗಿತ್ತು. ಒಳಸುತ್ತಿನ ನಟ್ಟುಗಳು ಚಕ್ರವನ್ನು ಗಾಡಿಗೆ ಹಿಡಿದರೆ, ಹೊರಸುತ್ತಿನವು ಆ ಎರಡು ಬಟ್ಟಲನ್ನು ಒಂದಕ್ಕೊಂದು ಬಿಗಿದಿದ್ದವು. ಟೈರಿನಲ್ಲಿ ಗಾಳಿ ಇರುವಾಗ ಹೊರಸುತ್ತನ್ನು ಸಡಿಲಿಸಿದರೆ ಬಟ್ಟಲು ಸಿಡಿದು ಎದುರಿಗಿದ್ದವನ ಕಥೆ ಮುಗಿಯಿತು. ಗುರುತು ಹಚ್ಚಲು ಬಣ್ಣ ಕೇಳಿದೆವು. ಗಾಡಿಯ ನಂಬರು ಬರೆಯಲು ಗೋದಾಮಿನ ಸಾಹೇಬನ ಹತ್ತಿರ ಬಣ್ಣ ಇತ್ತು, ನಮ್ಮ ಜೀವಕ್ಕೆ ಇರಲಿಲ್ಲ. ಮಿಸ್ತ್ರಿಯವರು ಮನೆಯಿಂದ ಕುಂಕುಮ ತಂದು, ಎಣ್ಣೆಯಲ್ಲಿ ಕಲಸಿ, ಹೊರಸುತ್ತಿನ ನಟ್ಟುಗಳಿಗೆ ಹಚ್ಚಿದರು.

"ಕೆಂಪು ಕಂಡಲ್ಲಿ ಕೈ ಹಿಂದ" ಎಂದರು. "ಗಾಳಿ ಅಂದ್ರ ಬೀಗರಲ್ಲ, ಒಳಗ ಕುಂಡ್ರಿಸಿಕೊಂಡು ಮಾತಾಡಸಾಕ. ಮೊದಲ ಹೊರಗ ಹಾಕ್ರಿ, ಆಮ್ಯಾಲ ನಟ್ಟು ಬಿಚ್ಚಾಕ ಪಾನಾ ಹಿಡೀರಿ."

ಖಂಡೇನವಮಿ ಬಂತು. ಜಗತ್ತೇ ಹೊತ್ತಿ ಉರಿಯಲಿ, ಆಯುಧಪೂಜೆ ಬಿಡುವವರಲ್ಲ ನಾವು. ಮಿಸ್ತ್ರಿಯವರು ಮಿಂದು ಮಡಿಯುಟ್ಟು ಬಂದು ಪಾನಾ, ಸುತ್ತಿಗೆ, ಜಾಕುಗಳನ್ನು ಸಾಲಾಗಿ ಇಟ್ಟು ಕಾಯಿ ಒಡೆದರು. ಆಮೇಲೆ ಗಾಡಿಯಿಂದ ಗಾಡಿಗೆ ಹೋಗಿ ಪ್ರತಿ ಚಕ್ರಕ್ಕೂ ಭಕ್ತಿಯಿಂದ ಕುಂಕುಮ ಹಚ್ಚಿದರು. ಒಳಸುತ್ತು, ಹೊರಸುತ್ತು, ಎಲ್ಲ ನಟ್ಟಿಗೂ. ಎಲ್ಲರೂ ಕೈಮುಗಿದೆವು. ಯಾರಿಗೂ ಏನೂ ಹೊಳೆಯಲಿಲ್ಲ. ಹೊಳೆದಿದ್ದರೂ ಪೂಜೆಯ ಕುಂಕುಮ ಒರೆಸುವವರು ಯಾರು?

ಮರುದಿನ, ದಸರೆಯ ಮುಂಜಾನೆ, ಒಂದು ಗಾಡಿ ಕುಂಟುತ್ತ ಬಂತು. ಟೈರು ಅರ್ಧ ಇಳಿದಿತ್ತು. ಡ್ರೈವರನಿಗೆ ಅವಸರ. ಚಕ್ರ ಇಳಿಸುವುದಷ್ಟೇ ತಾನೇ, ಗಾಳಿ ಆಮೇಲೆ ಬಿಟ್ಟರಾಯಿತು ಎಂದು ಅಳಿಯ ಪಾನಾ ಹಿಡಿದು ಕೂತ. ಕೆಂಪಿಲ್ಲದ ನಟ್ಟು ಹುಡುಕುವುದು ಅವನ ರೂಢಿ. ಅವತ್ತು ಎಲ್ಲವೂ ಕೆಂಪು. ಅವನ ಪಾನಾ ಹೊರಸುತ್ತಿನ ನಟ್ಟಿಗೆ ಕೂತಿತು. ಆಚೆ ಲಾರಿಯ ಬಳಿ ಇದ್ದ ಮಿಸ್ತ್ರಿಯವರು ತಿರುಗಿ ನೋಡಿ ಕೂಗುವಷ್ಟರಲ್ಲಿ ಸಪ್ಪಳ ಕೇಳಿಸಿತು. ನಾವು ಓಡಿಹೋದಾಗ ಅವನಲ್ಲಿ ಜೀವ ಇರಲಿಲ್ಲ.

ಅಳಿಯನ ದಿನಕರ್ಮ ಮುಗಿದ ಮೇಲೆ ನಾನೇ ಹೇಳಿದೆ: "ಮಿಸ್ತ್ರಿಯವರ, ತಪ್ಪು ನಿಮ್ಮದಲ್ರೀ. ಗಾಳಿ ಬಿಡದನ ಪಾನಾ ಹಿಡದಾಂವ ಅಂವ."

"ಕೆಂಪು ನೋಡಿ ಕೈ ಹಿಂದ ತಗೀತಿದ್ದ" ಎಂದರು. "ಆ ಗುರುತು ಕೆಡಿಸಿದಾಂವ ನಾನು. ಮಗಳ ಹಣೀಮ್ಯಾಲಿನ ಕುಂಕುಮಾನೂ ನಾನ ಅಳಿಸಿದೆ."

ಅಂದಿನಿಂದ ತಮ್ಮ ಕೆನ್ನೆ ವಾಲ್ವಿಗೆ ಮುಟ್ಟದ ಹೊರತು ಒಂದು ಚಕ್ರಕ್ಕೂ ನಮ್ಮನ್ನು ಕೈಹಾಕಗೊಡಲಿಲ್ಲ. ಉಂಗುರ ಇನ್ನೂ ಕಪ್ಪಾಯಿತು. ಆದರೆ ಮನೆಗೆ ಹೊರಡುವ ಮುಂಚೆ ಗೋದಾಮಿನ ನಳದ ಕೆಳಗೆ ಕೂತು, ಕೆನ್ನೆ ಕೆಂಪಾಗುವ ತನಕ ತಿಕ್ಕಿ ತೊಳೆಯುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಇನ್ನ ಯಾವ ಮಾರಿ ಇಟಗೊಂಡು ಆಕಿ ಮುಂದ ಕೂಡ್ಲಿ?" ಎಂದರು.

ಯುದ್ಧ ಮುಗಿದು ಗೋದಾಮು ಖಾಲಿಯಾಗುತ್ತಿದ್ದ ದಿನಗಳು. ಒಂದು ಮಧ್ಯಾಹ್ನ ಅವರು ಚಕ್ರದ ಮುಂದೆ ಬಗ್ಗಿ ಕೆನ್ನೆ ಹಚ್ಚಿದವರು ಏಳಲಿಲ್ಲ. ಗಾಳಿ ಪೂರ್ತಿ ಹೋಗಲೆಂದು ಕಾಯುತ್ತಿದ್ದಾರೆ ಅಂದುಕೊಂಡು ನಾವೂ ಪಾನಾ ಹಿಡಿದು ಕಾದೆವು.

ದೇಹವನ್ನು ಟಾಂಗಾದಲ್ಲಿ ಮನೆಗೆ ತಂದು ಪಡಸಾಲೆಯಲ್ಲಿ ಮಲಗಿಸಿದೆವು. ಅವಸರದಲ್ಲಿ ಮುಖ ತೊಳೆಸುವುದು ನಮಗೆ ನೆನಪಾಗಿರಲಿಲ್ಲ. ಮಗಳು ಬಂದು ಆ ಕಪ್ಪು ಉಂಗುರವನ್ನು ಬಹಳ ಹೊತ್ತು ನೋಡಿದಳು. ತಂಬಿಗೆಯಲ್ಲಿ ಸೆರಗು ತೋಯಿಸಿಕೊಂಡು ತಲೆಯ ಹತ್ತಿರ ಕೂತಳು.

"ದಿನಾ ಸಂಜೀಕ ಸೆರಗು ತೋಯಿಸಿಕೊಂಡು ನಿಂತಿರ್ತಿದ್ದೆ ಅಪ್ಪಾ" ಎಂದಳು. "ನೀ ತೊಳಕೊಂಡ ಬರ್ತಿದ್ದಿ."

ಕಪ್ಪು ಹೋದ ಮೇಲೂ ಒರೆಸುತ್ತಲೇ ಇದ್ದಳು.