ಬಾಟಲಿಯೊಳಗೆ ಅಮ್ಮನ ಮುಖ

ನಮ್ಮಮ್ಮ ನೀರನ್ನೂ ಬೆಳಕಿಗೆ ಹಿಡಿದು ನೋಡದೆ ಕುಡಿಯುವವಳಲ್ಲ. ಮನೆಗೆ ಬಂದವರಿಗೂ ಅದೇ ಉಪಚಾರ. ಗಾಜಿನ ಲೋಟವನ್ನು ಕಿಟಕಿಯ ಕಡೆ ಎತ್ತಿ, ಅತ್ತ ಓರೆ ಮಾಡಿ, ಇತ್ತ ಓರೆ ಮಾಡಿ, ಕಣ್ಣು ಕಿರಿದು ಮಾಡಿ ನೋಡಿದ ಮೇಲೇ ಕೊಡುವುದು. ನನ್ನ ಗಂಡ ಮದುವೆಗೆ ಮುಂಚೆ ಮೊದಲ ಸಲ ನಮ್ಮ ಮನೆಗೆ ಬಂದಾಗ ಅವನ ಲೋಟವನ್ನು ಅವಳು ಎಷ್ಟು ಹೊತ್ತು ನೋಡಿದಳೆಂದರೆ, ಅವನು ಬಾಯಾರಿಕೆಯೇ ಹೋಯಿತು ಎಂದುಬಿಟ್ಟ. ಇವತ್ತಿಗೂ ಅವನು ಅತ್ತೆಯ ಮನೆಗೆ ಬರುವಾಗ ನೀರು ಕುಡಿದುಕೊಂಡೇ ಬರುತ್ತಾನೆ.

ಇದು ಅವಳ ಕೆಲಸದಿಂದ ಬಂದ ಚಾಳಿ. ಊರಾಚೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅಮ್ಮ ಬಾಟಲಿ ನೋಡುವವಳು. ಅದೂ ಒಂದು ಕೆಲಸವಾ ಎಂದು ಕೇಳಿದವರ ಜೊತೆ ನಾನು ಜಗಳಕ್ಕೆ ನಿಂತದ್ದುಂಟು. ಎದುರಿಗೆ ಬಿಳಿ ಗಾಜಿನ ಹಲಗೆ, ಅದರ ಹಿಂದೆ ದೀಪ. ತುಂಬಿ ಮುಚ್ಚಳ ಬಿಗಿದ ಬಾಟಲಿ ಬಂದಾಗ ಅಮ್ಮ ಅದರ ಕತ್ತು ಹಿಡಿದು ತಲೆಕೆಳಗು ಮಾಡುತ್ತಾಳೆ, ಮತ್ತೆ ನೆಟ್ಟಗೆ ಹಿಡಿಯುತ್ತಾಳೆ. ತಳದಲ್ಲಿ ಕೂತದ್ದು ಏನಿದ್ದರೂ ಆಗ ತೇಲಿ ಬರುತ್ತದೆ. ಕೂದಲು, ಗಾಜಿನ ಚೂರು, ಬಿರಡೆಯ ಪುಡಿ. ಚೊಕ್ಕವಾಗಿದ್ದರೆ ಬಲಗಡೆ, ಇಲ್ಲದಿದ್ದರೆ ಎಡಗಡೆ. ಎಡಗಡೆ ಇಟ್ಟ ಬಾಟಲಿ ಮಾರಾಟಕ್ಕೆ ಹೋಗುವ ಹಾಗಿಲ್ಲ. ಒಳಗೆ ಇರಬಾರದ್ದು ಏನೇ ಇದ್ದರೂ ಅದು ಕಸ ಎನ್ನುವುದು ಅವಳ ಕಾನೂನು. ಮೇಲ್ವಿಚಾರಕನೂ ಅದಕ್ಕೆ ಎದುರಾಡುತ್ತಿರಲಿಲ್ಲ.

ನಮ್ಮಪ್ಪ ಬಡಗಿ. ಬಾಗಿಲು, ಕಿಟಕಿ ಮಾಡುವುದರಲ್ಲಿ ಅವನ ಕೈ ಬಲು ನಯ. ಬಾಯಿಯೂ ನಯವೇ. ಕುಡಿದರೂ ಕೂಗಾಡಿದವನಲ್ಲ, ಕೈ ಎತ್ತಿದವನಲ್ಲ. ಆದರೆ ಕುಡಿಯದೆ ಇದ್ದವನೂ ಅಲ್ಲ. ಅಮ್ಮ ಬೈಯಲು ಶುರು ಮಾಡಿದರೆ ಅವನದು ಒಂದೇ ಮಾತು, "ನೀನೂ ಒಂದ್ಸಲ ಕುಡಿದು ನೋಡು, ಆಮೇಲೆ ಬೈಯಿ." ಅಮ್ಮ ಒಮ್ಮೆಯೂ ಕುಡಿದು ನೋಡಲಿಲ್ಲ. ಬೈಯುವುದನ್ನು ಮಾತ್ರ ಬಿಡಲಿಲ್ಲ.

ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ಅವನು ಆಸ್ಪತ್ರೆ ಸೇರಿದಾಗ, ಇನ್ನೊಂದು ಗುಟುಕು ಕುಡಿದರೂ ಉಳಿಯುವುದಿಲ್ಲ ಎಂದು ಡಾಕ್ಟರು ನಮ್ಮೆಲ್ಲರ ಎದುರಿಗೇ ಹೇಳಿದರು. ಅಪ್ಪ ತಲೆಯಾಡಿಸಿದ. ಮಾರನೆಯ ದಿನ ಅಮ್ಮ ಫ್ಲಾಸ್ಕಿನಲ್ಲಿ ಬಿಸಿ ಹಾಲು ತೆಗೆದುಕೊಂಡು ಹೋದರೆ ಹಾಸಿಗೆ ಖಾಲಿ. ಆಸ್ಪತ್ರೆಯ ಚಪ್ಪಲಿಯಲ್ಲೇ ಎದ್ದು ಹೋಗಿದ್ದ. ರಸ್ತೆ ದಾಟಿ ಎದುರಿನ ಬ್ರಾಂದಿ ಅಂಗಡಿಗೆ. ವಾರ ತುಂಬುವುದರೊಳಗೆ ತೀರಿಕೊಂಡ. ನಮಗಿಂತ ಅದೇ ಹೆಚ್ಚಾಯಿತಲ್ಲ ಎಂದು ನಾನು ಎಲ್ಲರ ಮುಂದೆ ಗೋಳಾಡಿದೆ. ಅಮ್ಮ ಅಳಲಿಲ್ಲ, ಅಪ್ಪನನ್ನು ಆಮೇಲೆ ಬೈಯಲೂ ಇಲ್ಲ. ನನಗೆ ಅದೇ ಹೆಚ್ಚು ಭಯ ಹುಟ್ಟಿಸಿತ್ತು.

ಅವಳು ಸೇರಿದಾಗ ಆ ಕಾರ್ಖಾನೆಯಲ್ಲಿ ಕೆಮ್ಮಿನ ಔಷಧಿ ತುಂಬುತ್ತಿದ್ದರು. ಹಳೇ ಯಜಮಾನ ಕಣ್ಣು ಮುಚ್ಚಿದ ಮೇಲೆ ಮಗ ಔಷಧಿ ಬಿಟ್ಟು ಜಿನ್ ಮಾಡಲು ಹೊರಟ. ತಾಮ್ರದ ದೊಡ್ಡ ಹಂಡೆ ತರಿಸಿ, ನಿಂಬೆ ಸಿಪ್ಪೆ, ಕೊತ್ತಂಬರಿ ಬೀಜ, ಎಲ್ಲಿಂದಲೋ ಬಂದ ಜೂನಿಪರ್ ಕಾಯಿ ಹಾಕಿ, ಸ್ವಲ್ಪ ಸ್ವಲ್ಪವೇ ಬಟ್ಟಿ ಇಳಿಸುವ ದುಬಾರಿ ಜಿನ್. ನೋಡಲು ನೀರಿನಷ್ಟೇ ತಿಳಿ. ಕೆಲಸ ಬಿಡು ಎಂದು ನಾನು ಹಟ ಹಿಡಿದೆ. ಬಾಟಲಿ ಅಂದಮೇಲೆ ಬಾಟಲಿ, ಒಳಗೆ ಏನಿದ್ದರೆ ನನಗೇನು, ನಾನು ನೋಡುವುದು ಕಸವನ್ನು ಎಂದಳು. ಅದರ ವಾಸನೆ ತಾಗದಿರಲೆಂದು ಮೂಗಿನ ಕೆಳಗೆ ನೋವಿನ ಮುಲಾಮು ಬಳಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.

ಹಾಗಿರುವಾಗ ಕಾರ್ಖಾನೆಯನ್ನು ಒಬ್ಬ ಸಿನಿಮಾ ನಟ ಕೊಂಡುಕೊಂಡ. ಊರೆಲ್ಲ ಹೀರೋ ಎಂದೇ ಕರೆಯುವ, ಹೆಸರು ಹೇಳಿದರೆ ಹುಡುಗಿಯರು ಕನ್ನಡಿ ನೋಡಿಕೊಳ್ಳುವ ಮನುಷ್ಯ. ಅವನ ಜಾಹೀರಾತುಗಳೋ, ನಗದವರೂ ನಗಬೇಕು. ತನ್ನನ್ನೇ ಆಡಿಕೊಳ್ಳುವುದು ಅವನ ಬಂಡವಾಳ. 'ಈ ಜಿನ್ನಿನ ಮಾಲೀಕನಿಗೆ ಜಿನ್ ಮಾಡಲು ಬರುವುದಿಲ್ಲ, ನಟನೆಯೂ ಅಷ್ಟಕ್ಕಷ್ಟೇ' ಎಂದು ಬಾಟಲಿಯ ಮೇಲೇ ಬರೆಸಿದ. ನನ್ನ ಹೋದ ವರ್ಷದ ಸಿನಿಮಾ ನೋಡಿದವರಿಗೆ ಪರಿಹಾರವಾಗಿ ಇದನ್ನು ತಂದಿದ್ದೇನೆ ಎಂದು ಫೋನುಗಳಲ್ಲೆಲ್ಲ ಕೈಮುಗಿದ. ನನ್ನದು ಬಟ್ಟೆ ಸರಿಪಡಿಸುವ ಅಂಗಡಿ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಿಕೊಳ್ಳಲು ಬಂದವರೆಲ್ಲ ಅವನ ಜೋಕು ಹೇಳಿ ನಗುತ್ತಿದ್ದರು. ನಾನೂ ನಕ್ಕೆ. ಅಮ್ಮನ ಯಜಮಾನ ಎಂದು ಸ್ವಲ್ಪ ಜಂಬವೂ ಇತ್ತು.

ಅವನು ಮೊದಲ ಸಲ ಕಾರ್ಖಾನೆಗೆ ಬಂದ ದಿನ ಅವನ ಜಾಹೀರಾತು ನೋಡಿಕೊಳ್ಳುವವನೂ ಕ್ಯಾಮೆರಾದವರೂ ಬಂದಿದ್ದರಂತೆ. ಕೆಲಸದವರನ್ನೆಲ್ಲ ಹಂಡೆಯ ಮುಂದೆ ನಿಲ್ಲಿಸಿ, ಇದಕ್ಕೋಸ್ಕರ ನನ್ನ ಮನೆ ಮಾರಿದ್ದೇನೆ, ನೀವು ರುಚಿ ನೋಡಿ ನಿಜ ಹೇಳಬೇಕು ಎಂದು ಒಬ್ಬೊಬ್ಬರಿಗೂ ಸಣ್ಣ ಗ್ಲಾಸು ಕೊಟ್ಟನಂತೆ. ಅಮ್ಮ ಕುಡಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅವಳು ಗ್ಲಾಸು ತೆಗೆದುಕೊಂಡಳು. ಅಭ್ಯಾಸದಂತೆ ಬೆಳಕಿಗೆ ಹಿಡಿದು ನೋಡಿದಳು. ಒಂದೇ ಗುಟುಕಿಗೆ ನುಂಗಿದಳು. ಅವಳ ಮುಖ ಹಿಂಡಿದ ಬಟ್ಟೆಯ ಹಾಗಾಯಿತು. ಆಮೇಲೆ ಹೀರೋನನ್ನು ನೋಡಿ, "ಇದಕ್ಕಾ?" ಎಂದಳು.

ಇಡೀ ಕಾರ್ಖಾನೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೀರೋ ನೆಲದ ಮೇಲೆ ಕೂತುಬಿಟ್ಟು ನಕ್ಕನಂತೆ. ಇದನ್ನು ಎಲ್ಲರಿಗೂ ತೋರಿಸಬಹುದಾ ಎಂದು ಜಾಹೀರಾತಿನವನು ಕೇಳಿದಾಗ ಅಮ್ಮ ಆಗಲಿ ಎಂದು ತಲೆಯಾಡಿಸಿದಳು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅಮ್ಮ ನನ್ನ ಹತ್ತಿರ ಒಂದಕ್ಷರವನ್ನೂ ಹೇಳಿರಲಿಲ್ಲ.

ನನ್ನ ಅಂಗಡಿಯ ಎದುರಿಗೆ ಬಸ್ ನಿಲ್ದಾಣ, ಅದರ ತಲೆಯ ಮೇಲೆ ದೊಡ್ಡ ಜಾಹೀರಾತು ಹಲಗೆ. ಒಂದು ಬೆಳಿಗ್ಗೆ ಇಬ್ಬರು ಏಣಿ ಹಾಕಿ ಹಳೆಯದನ್ನು ಕಿತ್ತು ಹೊಸದನ್ನು ತುಂಡು ತುಂಡಾಗಿ ಅಂಟಿಸುತ್ತಿದ್ದರು. ನಾನು ಯಾರದೋ ಕೋಟಿನ ತೋಳು ಬಿಚ್ಚುತ್ತಾ ಆಗಾಗ ತಲೆಯೆತ್ತುತ್ತಿದ್ದೆ. ಮೊದಲು ಒಂದು ಗಲ್ಲ ಬಂತು. ಗಲ್ಲದ ಎಡಕ್ಕೆ ಒಂದು ಮಚ್ಚೆ. ಈ ಮಚ್ಚೆಯನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಆಮೇಲೆ ಸೊಟ್ಟಗಾದ ಬಾಯಿ ಬಂತು, ಮೂಗು ಬಂತು. ಕಣ್ಣು ಅಂಟಿಸುವ ಹೊತ್ತಿಗೆ ನಾನು ಕೋಟು ಬಿಟ್ಟು ಎದ್ದು ನಿಂತಿದ್ದೆ. ಎರಡಾಳೆತ್ತರದ ನಮ್ಮಮ್ಮ ರಸ್ತೆಗೆ ಮುಖ ಕಿವಿಚಿಕೊಂಡು ನಿಂತಿದ್ದಳು. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಇದಕ್ಕಾ?'. ಕೆಳಗೆ ಸಣ್ಣದಾಗಿ, 'ಹೌದಮ್ಮಾ, ಮನೆ ಮಾರಿದ್ದು ಇದಕ್ಕೇ. ಇಂತಿ, ಮಾಲೀಕ.' ಪಕ್ಕದಲ್ಲಿ ಜಿನ್ ಬಾಟಲಿ.

ನಾನು ಕತ್ತರಿ ಕೈಯಲ್ಲಿ ಹಿಡಿದೇ ರಸ್ತೆಗೆ ಬಂದುಬಿಟ್ಟಿದ್ದೆ. ಬಸ್ಸಿಗೆ ಕಾಯುತ್ತಿದ್ದವರು ಹಲಗೆ ನೋಡಿ ನಗುತ್ತಿದ್ದರು. ನನಗೆ ಅಳಬೇಕೋ ಅವರನ್ನು ಹಿಡಿದು ಬಡಿಯಬೇಕೋ ತಿಳಿಯಲಿಲ್ಲ. ಅಪ್ಪನನ್ನು ನುಂಗಿದ ಬಾಟಲಿಯ ಪಕ್ಕದಲ್ಲಿ ಅಮ್ಮನನ್ನು ನಿಲ್ಲಿಸಿ ಊರನ್ನು ನಗಿಸುತ್ತಿದ್ದಾರಲ್ಲ ಎಂದು ಮೈಯೆಲ್ಲ ಉರಿಯಿತು.

ಸಂಜೆ ಅಮ್ಮನ ಮನೆಗೆ ಹೋಗಿ ಬಾಯಿಗೆ ಬಂದಂತೆ ಅಂದೆ. ನೀನು ಕುಡಿದದ್ದಾದರೂ ಯಾಕೆ, ತಲೆಯಾಡಿಸಿದ್ದಾದರೂ ಯಾಕೆ, ನಾಳೆಯೇ ಹೋಗಿ ಆ ಹೀರೋನ ಗ್ರಹಚಾರ ಬಿಡಿಸುತ್ತೇನೆ ಎಂದೆ. ನಗುವವರು ನಗಲಿ, ನಕ್ಕರೆ ಯಾರ ಗಂಟೇನು ಹೋಗುತ್ತದೆ ಎಂದಳು ಅವಳು. ಅಷ್ಟು ಹೇಳಿ ಅನ್ನಕ್ಕಿಡಲು ಎದ್ದಳು. ಹಲಗೆಯ ಮೇಲಿನ ಆ ಒಂದು ಮಾತು ಕೆಲವೇ ದಿನಗಳಲ್ಲಿ ಊರಿನ ಬಾಯಿಗೆ ಬಿತ್ತು. ಬಸ್ಸು ಕೆಟ್ಟು ನಿಂತರೆ 'ಇದಕ್ಕಾ?', ಪಂದ್ಯ ಸೋತರೆ 'ಇದಕ್ಕಾ?'. ಮಕ್ಕಳು ಅಮ್ಮನನ್ನು ಕಂಡು ಮುಖ ಕಿವಿಚಿ ತೋರಿಸುತ್ತಿದ್ದರು. ಅವಳೂ ತಿರುಗಿ ಕಿವಿಚಿ ತೋರಿಸುತ್ತಿದ್ದಳು. ಇವಳಿಗೆ ನಿಜವಾಗಿ ಏನೂ ಅನ್ನಿಸುತ್ತಿಲ್ಲವೇ ಎಂದು ನಾನು ದಂಗಾಗಿದ್ದೆ.

ಎರಡು ತಿಂಗಳಾದ ಮೇಲೆ ಮೇಲ್ವಿಚಾರಕ ಅಂಗಡಿಗೆ ಫೋನ್ ಮಾಡಿದ. ದನಿಯಲ್ಲಿ ಕೋಪಕ್ಕಿಂತ ಗಾಬರಿ ಹೆಚ್ಚಿತ್ತು. ಬೆಳಿಗ್ಗೆಯಿಂದ ನಿಮ್ಮ ತಾಯಿ ಒಂದು ಬಾಟಲಿಯನ್ನೂ ಬಲಗಡೆ ಇಟ್ಟಿಲ್ಲ, ಎಲ್ಲ ಎಡಗಡೆಯೇ, ಕೇಳಿದರೆ ಕಸ ಇದೆ ಅನ್ನುತ್ತಾರೆ, ನಮಗ್ಯಾರಿಗೂ ಕಸ ಕಾಣುತ್ತಿಲ್ಲ, ಬನ್ನಿ ಎಂದ. ಅಮ್ಮನಿಗೆ ತಲೆ ಕೆಟ್ಟಿತೋ, ಕಣ್ಣು ಹೋಯಿತೋ ಎಂದುಕೊಂಡು ಅಂಗಡಿಗೆ ಬೀಗ ಹಾಕಿ ಓಡಿದೆ.

ಹೀರೋ ನನಗಿಂತ ಮುಂಚೆ ಬಂದಿದ್ದ. ಶೂಟಿಂಗಿನಿಂದ ಎದ್ದು ಬಂದಿರಬೇಕು, ಕತ್ತಿನ ಮೇಲೆ ಬಣ್ಣ ಹಾಗೇ ಇತ್ತು. ಪಕ್ಕದಲ್ಲಿ ಜಾಹೀರಾತಿನವನು. ಅಮ್ಮ ತನ್ನ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಎಡಕ್ಕೆ ಗೋಡೆಯವರೆಗೂ ಬಾಟಲಿಗಳು, ಬಲಕ್ಕೆ ಖಾಲಿ ನೆಲ.

ಹೀರೋ ಒಂದು ಬಾಟಲಿ ಎತ್ತಿಕೊಂಡು, ತನ್ನ ಎಂದಿನ ತಮಾಷೆಯಲ್ಲಿ, ಕಸವನ್ನು ನನ್ನ ಸಿನಿಮಾದಲ್ಲಿ ಹುಡುಕಿದರೆ ಸಿಗುತ್ತದೆ, ಇದರಲ್ಲಿ ಎಲ್ಲಿದೆ ತೋರಿಸಿ ಎಂದ. ಅಮ್ಮ ಅವನ ಕೈ ಹಿಡಿದು ಬಾಟಲಿಯನ್ನು ದೀಪದ ಹಲಗೆಯ ಮುಂದೆ ನಿಲ್ಲಿಸಿದಳು. ನಾನೂ ಬಗ್ಗಿ ನೋಡಿದೆ. ಅವತ್ತು ಹೊಸ ಚೀಟಿಯ ಬಾಟಲಿಗಳು ಬಂದಿದ್ದವು. ಬಾಟಲಿಯ ಬೆನ್ನಿಗೆ ಅಂಟಿಸಿದ ಚೀಟಿಯ ಒಳಮೈಗೆ ಅಮ್ಮನ ಮುಖ ಮುದ್ರಿಸಿದ್ದರು, ಮುಂದಿನಿಂದ ನೋಡಿದರೆ ಜಿನ್ನಿನ ಮೂಲಕ ಕಾಣುವ ಹಾಗೆ. ಹಿಂದಿನ ದೀಪಕ್ಕೆ ಕಾಗದ ಹೊಳೆಯುತ್ತಿತ್ತು. ಮುಖ ಉಬ್ಬಿ ದೊಡ್ಡದಾಗಿ, ಅದರೊಳಗೇ ಮುಳುಗಿ ಕೂತಂತೆ ಕಾಣುತ್ತಿತ್ತು. ಬಾಟಲಿ ಅಲುಗಿದಾಗ ಅದೂ ಅಲುಗಿತು.

"ಇದು," ಅಂದಳು ಅಮ್ಮ. "ಇದು ಇದರೊಳಗೆ ಇರಬಾರದು ಸರ್."

ನಾವು ನಿಮ್ಮನ್ನು ಆಡಿಕೊಳ್ಳುತ್ತಿಲ್ಲ, ಜನ ನಿಮ್ಮನ್ನು ಪ್ರೀತಿಸುತ್ತಾರೆ ಎಂದು ಜಾಹೀರಾತಿನವನು ಏನೇನೋ ಹೇಳತೊಡಗಿದ. ಅಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೀರೋನನ್ನೇ ನೋಡುತ್ತಾ, ಗಂಡ ಬಡಗಿಯಾಗಿದ್ದದ್ದು, ಆಸ್ಪತ್ರೆಯ ಚಪ್ಪಲಿಯಲ್ಲಿ ಎದ್ದು ಹೋದದ್ದು, ಹಾಲಿನ ಫ್ಲಾಸ್ಕು ಹಿಡಿದು ಖಾಲಿ ಹಾಸಿಗೆಯ ಮುಂದೆ ತಾನು ನಿಂತದ್ದು, ಎಲ್ಲವನ್ನೂ ಸಂತೆಯ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು. ನನ್ನ ಮುಂದೆ ಕೂಡ ಅವಳು ಇದನ್ನು ಬಾಯಿಬಿಟ್ಟು ಆಡಿರಲಿಲ್ಲ. ಅಂಥ ಗಂಡನ ಮೇಲಿನ ಸಿಟ್ಟಿಗೇ 'ಇದಕ್ಕಾ?' ಎಂದಿರಬೇಕು ಎಂದು ನಾನು ತಿಳಿದಿದ್ದೆ. ನನಗೆ ಅಮ್ಮ ಅರ್ಥವಾಗಿದ್ದಾಳೆ ಎಂದೂ ತಿಳಿದಿದ್ದೆ.

"ಕುಡಿದು ನೋಡಿ ಬೈಯಿ ಅಂತಿದ್ರು ಅವರು," ಅಂದಳು ಅಮ್ಮ. "ನಾನು ನೋಡ್ಲೇ ಇಲ್ಲ. ಅವತ್ತು ನೀವು ಗ್ಲಾಸ್ ಕೊಟ್ರಲ್ಲ, ಆಗ ಅನ್ನಿಸ್ತು, ನೋಡೇಬಿಡೋಣ. ಪ್ರಾಣ ಬಿಟ್ಟಾದ್ರೂ ಕುಡೀಬೇಕು ಅನ್ನೋ ಅಷ್ಟು ರುಚಿ ಇದ್ರೆ, ಅವರ ತಪ್ಪೇನೂ ಇಲ್ಲ ಅಂತ ಕ್ಷಮಿಸಿಬಿಡೋಣ ಅಂದ್ಕೊಂಡು ಕುಡಿದೆ ಸರ್. ಕ್ಷಮಿಸೋಕೆ ಅಂತ ಕುಡಿದೆ."

ಅವಳು ಬಾಟಲಿಯ ಕಡೆ ನೋಡಿದಳು. ಮುಂದೆ ಅವಳು ಹೇಳಬೇಕಾದದ್ದು ಒಂದೇ ಮಾತಿತ್ತು, ಅದನ್ನು ಊರಿನ ಗೋಡೆಗಳ ಮೇಲೆಲ್ಲ ಅವರೇ ಬರೆಸಿದ್ದರು. ಅವಳು ಹೇಳಲಿಲ್ಲ. ಇಷ್ಟು ವರ್ಷ ಅವಳ ಮಗಳಾಗಿದ್ದೂ, ಅಮ್ಮ ಅಪ್ಪನನ್ನು ಕ್ಷಮಿಸಲು ಒಂದು ನೆಪ ಹುಡುಕುತ್ತಿದ್ದಾಳೆ ಎಂಬ ಕಲ್ಪನೆಯೂ ನನಗಿರಲಿಲ್ಲ.

ಹೀರೋನ ಕಣ್ಣಲ್ಲಿ ನೀರು ತುಂಬಿತು. ಅದು ನಟನೆಯಲ್ಲ. ಅಷ್ಟು ಚೆನ್ನಾಗಿ ಅವನಿಗೆ ನಟಿಸಲು ಬರುವುದಿಲ್ಲ. ಎರಡೂ ಕೈಯಲ್ಲಿ ಅಮ್ಮನ ಕೈ ಹಿಡಿದುಕೊಂಡ. ಇವನೂ ಒಬ್ಬ ತಾಯಿಯ ಮಗನೇ ಎಂದು ನನ್ನ ಮನಸ್ಸು ಕರಗುವಷ್ಟರಲ್ಲಿ ಅವನು ಬಾಯಿ ತೆರೆದ.

"ಅಮ್ಮಾ, ಈಗ ಹೇಳಿದ್ರಲ್ಲ, ಇದನ್ನ ಹೀಗೇ ಇನ್ನೊಂದ್ಸಲ ಕ್ಯಾಮೆರಾ ಮುಂದೆ ಹೇಳ್ತೀರಾ?"

ಮೇಲ್ವಿಚಾರಕ ನೆಲ ನೋಡಿದ. ಜಾಹೀರಾತಿನವನಿಗೂ ಅದು ಹೆಚ್ಚಾಯಿತೆಂದು ಕಾಣುತ್ತದೆ, ಸರ್ ಎಂದು ಮೆಲ್ಲಗೆ ಅಂದ. ಅಮ್ಮ ಮಾತ್ರ ಬೆಚ್ಚಲಿಲ್ಲ. ಅವನ ಹಿಡಿತದಿಂದ ಕೈ ಬಿಡಿಸಿಕೊಂಡು, ಹಲಗೆಯ ಮುಂದಿದ್ದ ಬಾಟಲಿಯನ್ನು ಕತ್ತು ಹಿಡಿದು ಎತ್ತಿ ಎಡಗಡೆ ಇಟ್ಟಳು.

"ಮೊದಲು ಮುಖ ತೆಗೀರಿ ಸರ್. ಆಮೇಲೆ ಬಲಗಡೆ ಇಡ್ತೀನಿ."

ತೆಗೆದರು. ಆ ಚೀಟಿಗಳನ್ನೆಲ್ಲ ಕೆರೆದು ಹಾಕಿ, ಬರಿಯ ಅಕ್ಷರದ ಚೀಟಿ ಅಂಟಿಸಿದರು. ನನ್ನ ಅಂಗಡಿಯ ಎದುರಿನ ಹಲಗೆಯಿಂದಲೂ ಅಮ್ಮ ಇಳಿದಳು. ಅವಳ ಜಾಗದಲ್ಲಿ ಹೀರೋ ತನ್ನ ಮುಖವನ್ನೇ ಹಿಂಡಿದ ಬಟ್ಟೆಯ ಹಾಗೆ ಮಾಡಿಕೊಂಡು ನಿಂತ. ಪಕ್ಕದಲ್ಲಿ ಅದೇ ದಪ್ಪ ಅಕ್ಷರ, 'ಇದಕ್ಕಾ?'. ಮುಖ ಹಿಂದಿರುಗಿಸಿದರು, ಮಾತನ್ನು ಇಟ್ಟುಕೊಂಡರು. ಜನ ಮೊದಲಿಗಿಂತ ಹೆಚ್ಚು ನಕ್ಕರು.

ಅಮ್ಮ ಈಗಲೂ ಅಲ್ಲಿಗೇ ಕೆಲಸಕ್ಕೆ ಹೋಗುತ್ತಾಳೆ, ಮೂಗಿನ ಕೆಳಗೆ ಮುಲಾಮು ಬಳಿದುಕೊಂಡು. ಮೊನ್ನೆ ಭಾನುವಾರ ನಾವಿಬ್ಬರೇ ಅಡುಗೆಮನೆಯಲ್ಲಿದ್ದಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ, ಹಾಗಾದರೆ ಅಪ್ಪನನ್ನು ಕ್ಷಮಿಸುವುದೇ ಇಲ್ಲವಾ ಎಂದು. ಅವಳು ನನಗೆ ಕೊಡಲೆಂದು ತುಂಬಿದ ನೀರಿನ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಿದ್ದಳು. ಅತ್ತ ಓರೆ ಮಾಡಿದಳು, ಇತ್ತ ಓರೆ ಮಾಡಿದಳು. ನನಗೆ ಬಾಯಾರಿಕೆಯಾಗಿತ್ತು, ಆದರೂ ಕೈ ಚಾಚಲಿಲ್ಲ.

"ಇನ್ನೂ ನೋಡ್ತಿದ್ದೀನಿ ಕಣೇ," ಅಂದಳು.