ಅಜಾನ್ ಹೇಳದ ದಾದಾ

ಮೊನ್ನೆ ಮೆಕ್ಯಾನಿಕ್ ನನ್ನ ಸ್ಕೂಟರಿನ ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿವಾಜಿನಗರದ ನಮ್ಮ ಹಳೆಯ ಮನೆ ಮಾಲೀಕರು ನೆನಪಾದರು. ಕೆಳಗೆ ಅವರ ಹಳೆ ಮೋಟಾರು ಸಾಮಾನಿನ ಅಂಗಡಿ, ಹಿಂದೆ ಅವರ ಮನೆ, ಮಹಡಿಯಲ್ಲಿ ಬಾಡಿಗೆಗೆ ನಾವು. ಅವರು ಗಿರಾಕಿಯ ಜೊತೆ ಚೌಕಾಸಿಗೆ ನಿಂತರೆ ನನ್ನ ಅಡುಗೆಮನೆಗೆ ಎಲ್ಲ ಕೇಳಿಸುತ್ತಿತ್ತು.

ಅವರ ಸೊಸೆ ಚೊಚ್ಚಲ ಬಸುರಿ. ಏಳನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಕುತ್ತಿಗೆಯ ಹತ್ತಿರ ಏನೋ ಕಂಡಿತು; ಸರಿಯಾಗಿ ತಿಳಿಯಲು ಎಂಆರ್‌ಐ ಆಗಬೇಕೆಂದರು. ನಾನೂ ಜೊತೆಗೆ ಹೋದೆ. ಜೇಬಿನ ತುಂಬ ನಟ್ಟು ಬೋಲ್ಟು ಇಟ್ಟುಕೊಂಡೇ ಬಂದಿದ್ದ ಮಾಲೀಕರನ್ನು ಆ ಕೋಣೆಯ ಹತ್ತಿರಕ್ಕೂ ಬಿಡಲಿಲ್ಲ. ಆಮೇಲೆ ಡಾಕ್ಟರಮ್ಮ ಚಿತ್ರ ತೋರಿಸಿದರು. ಗಂಟಲಲ್ಲೊಂದು ಗಡ್ಡೆ, ಉಸಿರಿನ ದಾರಿ ಪೂರ್ತಿ ಒತ್ತಿಹೋಗಿತ್ತು. ಹೊಟ್ಟೆಯಲ್ಲಿರುವ ತನಕ ತೊಂದರೆಯಿಲ್ಲ, ಹೊರಗೆ ಬಂದರೆ ಉಸಿರಾಡಲು ಆಗುವುದಿಲ್ಲ. ಅದಕ್ಕೇ ಸಿಸೇರಿಯನ್ ಮಾಡಿ, ಹೊಕ್ಕುಳಬಳ್ಳಿ ಕತ್ತರಿಸುವ ಮೊದಲೇ ಕುತ್ತಿಗೆಗೆ ಟ್ಯೂಬು ಹಾಕುತ್ತೇವೆ ಎಂದರು. ಟ್ಯೂಬು ಇರುವುದರಿಂದ ಮಗುವಿನ ಅಳು ಕೇಳಿಸುವುದಿಲ್ಲ, ಗಾಬರಿಯಾಗಬೇಡಿ ಎಂದೂ ಹೇಳಿದರು.

ಅದನ್ನೆಲ್ಲ ಮಾಲೀಕರು ಬೀದಿಗೆಲ್ಲ ವಿವರಿಸಿದ್ದೇ ವಿವರಿಸಿದ್ದು. ಹುಟ್ಟಿದ ಮಗುವಿನ ಕಿವಿಯಲ್ಲಿ ಅಜಾನ್ ಹೇಳುವುದು ಅವರ ಪದ್ಧತಿ. ಮನೆಯ ಮಕ್ಕಳಿಗೆಲ್ಲ ಹೇಳಿದವರು ಇವರೇ. ಈ ಮೊಮ್ಮಗುವಿಗೂ ತಾನೇ ಹೇಳಬೇಕೆಂದು ಕಾದಿದ್ದರು, ಪಾಪ...

ಹೆರಿಗೆಯ ದಿನ ಆಪರೇಷನ್ ಕೋಣೆಯ ಹೊರಗೆ ಕೂತಿದ್ದೆವು. ಒಳಗೆ ಓಡಾಟದ ಸದ್ದು, ಆಮೇಲೆ ಏನೂ ಇಲ್ಲ. ನರ್ಸ್ ಒಬ್ಬಳು ನಮ್ಮ ಮುಖ ನೋಡದೆ ದಾಟಿಹೋದಳು. ಮಾಲೀಕರಿಗೆ ಡಾಕ್ಟರಮ್ಮನ ಮಾತು ಮರೆತೇಹೋಯಿತು. ಸಾವಿನ ಸುದ್ದಿ ಬಂದಾಗ ಹೇಳುವ ‘ಇನ್ನಾ ಲಿಲ್ಲಾಹಿ’ ಅವರ ಬಾಯಿಂದ ಬಂದುಬಿಟ್ಟಿತು. ಅವರ ಹೆಂಡತಿ ಗೋಳೋ ಎಂದು ಅಳತೊಡಗಿದರು. ಅಷ್ಟರಲ್ಲಿ ಡಾಕ್ಟರಮ್ಮ ಬಂದು, ಹೆಣ್ಣು ಮಗು, ಚೆನ್ನಾಗಿದ್ದಾಳೆ ಎಂದರು.

ಅಜಾನ್ ಹೇಳಲು ಮಗ ಕರೆದರೆ ಅವರು ಏಳಲಿಲ್ಲ.

"ನನ್ ಬಾಯಿಂದ ಬೇಡಮ್ಮಾ," ಎಂದರು ನನ್ನ ಕಡೆ ತಿರುಗಿ. "ಬದುಕಿರೋ ಮಗೂನ ಮಣ್ಣು ಮಾಡ್ಬಿಟ್ಟೈತೆ ಈ ಬಾಯಿ."

ಅಜಾನನ್ನು ಮಗನೇ ಹೇಳಿದ. ಮಗು ಮನೆಗೆ ಬಂದ ಮೇಲೆ ಮಾಲೀಕರು ಟ್ಯೂಬಿನ ಕಫ ತೆಗೆಯಲು ಕಲಿತರು, ಗಂಟೆಗಟ್ಟಲೆ ತೊಟ್ಟಿಲು ತೂಗಿದರು. ಆದರೆ ಅವಳೆದುರು ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ, ತನ್ನ ಮಾತು ಅವಳಿಗೆ ಎಲ್ಲಿ ತಟ್ಟುತ್ತದೋ ಎಂಬ ಭಯ. ನಾವು ಹೇಳಿ ಹೇಳಿ ಸೋತೆವು. ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು...

ಹೋದ ವರ್ಷ ಅವರು ತೀರಿಕೊಂಡರು. ಮಗುವಿನ ಟ್ಯೂಬು ತೆಗೆದದ್ದು ಅದಾದ ಮೇಲೆ. ಮೊನ್ನೆ ಸ್ಕೂಟರ್ ಸರಿಯಾದ ಕೂಡಲೇ ಆ ಮನೆಗೆ ಹೋದೆ. ಅಂಗಡಿಯಲ್ಲೀಗ ಮೊಬೈಲ್ ಕವರು ಮಾರುತ್ತಾರೆ. ನಾಲ್ಕು ವರ್ಷದ ಮೊಮ್ಮಗಳದು ಒಡಕು ದನಿ, ಮಾತು ಮಾತ್ರ ಧಾರಾಳ. ತನ್ನಜ್ಜ, ಅವಳ ದಾದಾ, ಹೇಗೆ ಮಾತಾಡುತ್ತಿದ್ದರು ಎಂದು ಕೇಳಿದಳು. ಜೋರಾಗಿ, ಎಲ್ಲರ ಹತ್ತಿರವೂ ಎಂದೆ.

"ಮತ್ತೆ ನನ್ ಹತ್ರ ಯಾಕೆ ಮಾತಾಡ್ಲಿಲ್ಲ ಆಂಟಿ?"

ಉತ್ತರ ನನಗೆ ಗೊತ್ತಿತ್ತು. ಹೇಳಬೇಕಾದವರು ಈಗಿಲ್ಲ.