ಒಂದು ಬಾಣ, ಎರಡು ಕೈ

ಕನ್ಯಾನದ ಮಿಸ್ರಿಯಾ ಮನೆಯಲ್ಲೇ ಕೂತು ಊರೂರಿನ ಕಂಪ್ಯೂಟರುಗಳನ್ನು ರಿಪೇರಿ ಮಾಡುವವಳು. ಹತ್ತಿರದ ಮಾಣಿ ಪೇಟೆಯದ್ದಿರಲಿ, ದೂರದ ಸೌದಿಯದ್ದಿರಲಿ, ಅದರ ಪರದೆ ಇವಳ ಪರದೆಯ ಮೇಲೆ ಮೂಡಿದರೆ ಸಾಕು, ಸ್ವಂತ ಅಡುಗೆಮನೆಗೆ ಹೊಕ್ಕವಳ ಹಾಗೆ ಯಾವ ಡಬ್ಬಿ ಎಲ್ಲಿದೆಯೆಂದು ಯಾರನ್ನೂ ಕೇಳುವುದಿಲ್ಲ. ಹೊಗುವ ಮುನ್ನ ಮಾತ್ರ, ಆ ಕಡೆಯವರಿಗೆ ತಾನು ಕಾಣುವುದಿಲ್ಲವೆಂದು ಗೊತ್ತಿದ್ದರೂ, ತಲೆಯ ಶಾಲು ಸರಿಮಾಡಿಕೊಂಡು ಫೋನಿನಲ್ಲಿ "ಒಳಗೆ ಬರ್ಲಾ?" ಎನ್ನುತ್ತಾಳೆ. ಅಲ್ಲಿನವರು ಸುಮ್ಮನಿರದೆ ಮೌಸ್ ಅಲ್ಲಾಡಿಸಿ ಪರದೆಯ ಮೇಲಿನ ಬಾಣವನ್ನು ಎಳೆದಾಡಿದರೋ, ಪಿತ್ತ ನೆತ್ತಿಗೇರುತ್ತದೆ: "ಕೈ ತೆಗೀರಿ ಮಾರಾಯ್ರೇ! ನಾನು ಮಾಡ್ತೇನೆ, ನೀವು ಚಾ ಕುಡೀರಿ!" ಊರಿನ ಸಹಕಾರಿ ಸೊಸೈಟಿಯ ಮ್ಯಾನೇಜರೂ ಹಾಗೆ ಬೈಸಿಕೊಂಡು ಕೈಕಟ್ಟಿ ಕೂತದ್ದುಂಟು. ಸೌದಿಯ ಒಂದು ಅಂಗಡಿಯ ಕಂಪ್ಯೂಟರು ಮಾತ್ರ ಪ್ರತಿ ಶುಕ್ರವಾರ ತಪ್ಪದೆ ಕೆಡುತ್ತದೆ. ಅಲ್ಲಿ ಕೂತಿರುವವನು ಅವಳ ಗಂಡ ಅನ್ಸಾರ್. ಅವನೂ ಮೌಸ್ ಬಿಡುವುದಿಲ್ಲ. ಬಾಣ ಅವನತ್ತ ಒಮ್ಮೆ, ಇವಳತ್ತ ಒಮ್ಮೆ ಜಾರುತ್ತಲೇ ಇರುತ್ತದೆ. ಅವನಿಗೆ ಮಾತ್ರ ಮಿಸ್ರಿಯಾ ಕೈ ತೆಗೆಯಲು ಹೇಳಿದ್ದಿಲ್ಲ.